ಜಟಕಾ ಕುದುರೆಯ ಸಾಕ್ಷಿ

ಒಂಟಿಕೊಪ್ಪಲಿನ ನಮ್ಮ ಬೀದಿಯ ಜಟಕಾ ಕುದುರೆ ಓಡಿದ್ದನ್ನು ಕಂಡವರು ಯಾರೂ ಇಲ್ಲ. ಬಿಳಿ ಕುದುರೆ, ಬರೀ ಮೂಳೆ ಚಕ್ಕಳ. ರೈಲಿಗೆ ಹೊತ್ತಾಯಿತೆಂದು ಗಾಡಿ ಹತ್ತಿದವರು ಅರ್ಧ ದಾರಿಯಲ್ಲಿ ಇಳಿದು, ಪೆಟ್ಟಿಗೆ ಹೊತ್ತುಕೊಂಡು ನಡೆದೇ ಸ್ಟೇಷನ್ ಮುಟ್ಟಿದ್ದುಂಟು. ‘ದಸರಾ ಮೆರವಣಿಗೆ ನೋಡಿ ನೋಡಿ ಬೆಳೆದಿರೋ ಕುದ್ರೆ ಸಾಮಿ, ಅದೇ ನಡಿಗೆ ಕಲ್ತ್ಬುಟ್ಟದೆ’ ಎಂದು ಗಾಡಿಯವರು ಸಮಾಧಾನ ಹೇಳುತ್ತಿದ್ದರು. ಈ ಕುದುರೆಯನ್ನು ಮೊದಲೇ ಪರಿಚಯ ಮಾಡಿಕೊಡುವುದಕ್ಕೆ ಕಾರಣವಿದೆ. ನಮ್ಮಕ್ಕನ ವಿಚಾರದಲ್ಲಿ ನಿಜ ಹೇಳಿದ ಸಾಕ್ಷಿಗಳಲ್ಲಿ ಇದೂ ಒಂದು. ಅದು ಹೇಳಿದ್ದನ್ನು ಕೇಳಿ ನಾನು ನಕ್ಕುಬಿಟ್ಟೆ.

ಆಗ ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಓದುತ್ತಿದ್ದೆ. ಚರ್ಚಾ ಸ್ಪರ್ಧೆಗಳಿಗೆ ಹೋಗುತ್ತಿದ್ದೆ, ಗೆಲ್ಲುತ್ತಿದ್ದೆ. ಪರವೋ ವಿರೋಧವೋ ಎಂದು ಚೀಟಿ ಎತ್ತಿಸುತ್ತಿದ್ದರು. ಚೀಟಿ ಬಿಚ್ಚಿ ನೋಡುವಷ್ಟರಲ್ಲಿ ಅದರಲ್ಲಿ ಬರೆದಿದ್ದ ಪಕ್ಷವೇ ಹುಟ್ಟಿದಾಗಿನಿಂದ ನನ್ನ ನಂಬಿಕೆಯಾಗಿತ್ತೇನೋ ಎನ್ನುವಷ್ಟು ಬಿಸಿ ನನಗೆ ಏರುತ್ತಿತ್ತು. ನಮ್ಮನ್ನು ತಯಾರು ಮಾಡುತ್ತಿದ್ದ ಅಧ್ಯಾಪಕರ ಉಪದೇಶ ಒಂದೇ: ವೇದಿಕೆಯ ಮೇಲೆ ಏನು ಬೇಕಾದರೂ ಹೇಳು, ‘ಗೊತ್ತಿಲ್ಲ’ ಎಂದು ಮಾತ್ರ ಹೇಳಬೇಡ. ಆ ಉಪದೇಶವನ್ನು ನಾನು ವೇದಿಕೆಯಿಂದ ಮನೆಗೂ ಹೊತ್ತು ತಂದಿದ್ದೆ. ಜಾತಕ, ರಾಹುಕಾಲ, ಹಲ್ಲಿ ಲೊಚಗುಟ್ಟುವುದು, ಬೆಕ್ಕು ಅಡ್ಡ ಬರುವುದು, ನಮ್ಮ ಮನೆಯಲ್ಲಿ ನನ್ನ ಬಾಯಿಗೆ ಸಿಗದೆ ಉಳಿದದ್ದು ಯಾವುದೂ ಇರಲಿಲ್ಲ.

‘ನಿನ್ ಬಾಯಿಗೆ ಎದುರ್ ನಿಲ್ಲೋ ಗಂಡನ್ನ ಎಲ್ಲಿಂದ ತರ್ಲಿ ಕಣವ್ವ? ಹೈಕೋರ್ಟ್ ಬಾಗ್ಲಲ್ಲೇ ಕಾಯ್ಬೇಕು ನಾನು’ ಎನ್ನುತ್ತಿದ್ದಳು ಅವ್ವ.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಅವಳು ವಾದಿಸುತ್ತಿರಲಿಲ್ಲ, ಹಾಡುತ್ತಿದ್ದಳು. ಹಿಂದಿನ ಬೀದಿಯ ಟೀಚರಮ್ಮನ ಹತ್ತಿರ ಚಿಕ್ಕಂದಿನಿಂದ ಪಾಠ. ಕೀರ್ತನೆ, ದೇವರನಾಮ, ವಚನ, ಯಾವುದನ್ನು ಹಾಡಿದರೂ ಅವಳಲ್ಲಿ ಅವಸರವೆಂಬುದೇ ಕಾಣುತ್ತಿರಲಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಬರುವುದೆಂದರೆ, ಸೀರೆಯ ನೆರಿಗೆ ಒಂದು ಕೈಯಲ್ಲಿ ಹಿಡಿದು, ಮೆಟ್ಟಿಲು ನೋಡಿಕೊಂಡು ಇಳಿದು ಬಂದ ಹಾಗೆ. ನಾನು ಸಂಗೀತದ ಗಂಧವಿಲ್ಲದವಳು. ನನಗೇ ಅಷ್ಟು ಕಾಣುತ್ತಿತ್ತು ಎಂದರೆ ನೋಡಿ.

ಮಠಕ್ಕೆ ಸೋಮವಾರ ಸೋಮವಾರ ಹೋಗುತ್ತಿದ್ದ ಅವ್ವನಿಗೆ ಅಲ್ಲಿ ಚಾಮರಾಜಪುರಂನ ಒಬ್ಬ ಹೆಂಗಸಿನ ಸ್ನೇಹವಾಗಿತ್ತು. ಅವರ ಹಿರಿಯ ಮಗ ಬ್ಯಾಂಕಿನಲ್ಲಿ ಗುಮಾಸ್ತೆ. ಕಿರಿಯವನು ಅಮೆರಿಕದಲ್ಲಿ ಮಣ್ಣಿನ ವಿಷಯ ಓದುತ್ತಿದ್ದ. ‘ಮಣ್ಣು ಓದಕ್ಕೆ ಅಷ್ಟ್ ದೂರ ಯಾಕ್ ಹೋಗ್ಬೇಕಿತ್ತೋ. ಕಡಕೊಳದಲ್ಲಿ ನಮ್ ಹೊಲದಲ್ಲೇ ಬೇಕಾದಷ್ಟಿತ್ತು’ ಎಂದು ಅಪ್ಪ ತಮಾಷೆ ಮಾಡಿದರೂ, ಹುಡುಗನ ವಿಷಯ ಬಂದಾಗಲೆಲ್ಲ ಪೇಪರು ಮಡಿಸಿ ಕಿವಿ ಕೊಡುತ್ತಿದ್ದರು. ಅಪ್ಪನಿಗೆ ಸಂತೇಪೇಟೆಯಲ್ಲಿ ದಿನಸಿ ಅಂಗಡಿ. ಮಡಿಸಿಟ್ಟ ಪೇಪರನ್ನು ಅವರು ಮತ್ತೆ ಬಿಚ್ಚದೆ ಇದ್ದರೆ ವ್ಯಾಪಾರ ಕುದುರುತ್ತಿದೆ ಎಂದೇ ಅರ್ಥ.

ಆ ಹುಡುಗ, ಅವನು ಎನ್ನಲೇ ಅವರು ಎನ್ನಲೇ, ಅಕ್ಕ ಕೊನೆಯವರೆಗೂ ‘ಅವರು’ ಎಂದೇ ಅಂದಳು, ಇರಲಿ, ಅವರು ತಮ್ಮ ತಾಯಿಗೆ ದನಿ ಕೇಳಲಿ ಎಂದು ಅಲ್ಲಿಂದ ಬರುತ್ತಿದ್ದ ಯಾರದೋ ಕೈಲಿ ಒಂದು ಟೇಪ್ ರೆಕಾರ್ಡರ್ ಕಳಿಸಿದ್ದರು. ಜೊತೆಗೆ ತಾವು ಮಾತಾಡಿದ್ದ ಒಂದು ಟೇಪಿನ ಸುರುಳಿ. ಜೊತೆಗೆ ಒಂದು ಕಬ್ಬಿಣದ ಪೆಟ್ಟಿಗೆ. ಅಮೆರಿಕದ ಯಂತ್ರವನ್ನು ನಮ್ಮೂರಿನ ವಿದ್ಯುತ್ತಿಗೆ ಹಾಗೇ ಸಿಕ್ಕಿಸಿದರೆ ಸುಟ್ಟು ಕರಕಲಾಗುತ್ತದಂತೆ. ಇಲ್ಲಿ ಇನ್ನೂರ ಮೂವತ್ತು ವೋಲ್ಟು, ಅಲ್ಲಿ ಅದರ ಅರ್ಧ. ಈ ಪೆಟ್ಟಿಗೆ ಇಲ್ಲಿನದನ್ನು ತಗ್ಗಿಸಿ ಅಲ್ಲಿನದನ್ನಾಗಿ ಮಾಡಿ ಕೊಡುತ್ತದೆ. ಒಂದು ಸೋಮವಾರ ಅವ್ವ, ಅಕ್ಕ, ನಾನು ಮಠದಿಂದ ನೆಟ್ಟಗೆ ಅವರ ಮನೆಗೆ ಹೋದೆವು.

ಪೆಟ್ಟಿಗೆ ಜೇನುಹುಳುವಿನ ಹಾಗೆ ಗುಂಯ್ ಎಂದಿತು. ಸುರುಳಿಗಳು ತಿರುಗಿದವು. ದನಿ ಬಂತು.

ಎಂಥ ದನಿ! ತಳದಿಂದ ಎದ್ದು ಬರುವ, ತುಂಬಿದ ಕೊಡವನ್ನು ಮೆಲ್ಲಗೆ ನೆಲಕ್ಕಿಟ್ಟ ಹಾಗಿದ್ದ ದನಿ. ‘ಅವ್ವಾ... ಚೆನ್ನಾಗಿದ್ದೀನಿ... ಇಲ್ಲಿ ಹಿಮ ಬಿದ್ದಿದೆ... ಅಲ್ಲಿ ಈಗ ಮಾವಿನಕಾಯಿ ಬಂದಿರ್ಬೇಕು, ಅಲ್ವಾ...’ ಒಂದೊಂದು ಮಾತೂ ಯೋಚಿಸಿ, ತೂಗಿ ಆಡಿದಂತಿತ್ತು.

‘ಹೋಗೋವಾಗ ಇವನಿಗೆ ಮೀಸೇನೂ ನೆಟ್ಟಗೆ ಬಂದಿರ್ಲಿಲ್ಲ’ ಎಂದು ಆ ತಾಯಿ ಸೆರಗಿನಿಂದ ಕಣ್ಣೊರಸಿಕೊಂಡರು. ‘ನೋಡಿ, ಎಷ್ಟ್ ದೊಡ್ಡವನಾಗ್ಬುಟ್ಟವನೆ.’

‘ಅಲ್ಲಿಯ ಚಳಿಗೆ ದನಿ ಗಡಸಾಗಿರಬಹುದು’ ಎಂದರು ಹುಡುಗನ ಅಣ್ಣ, ಆ ಬ್ಯಾಂಕಿನವರು, ಸ್ವಲ್ಪ ಅನುಮಾನದಿಂದ. ತಮ್ಮನ ದನಿಯನ್ನು ಅವರೂ ನಾಲ್ಕು ವರ್ಷದಿಂದ ಕೇಳಿರಲಿಲ್ಲ.

‘ಯಂತ್ರಕ್ಕೆ ದಾಕ್ಷಿಣ್ಯ ಇಲ್ಲ ಸಾರ್. ಇದ್ದದ್ದನ್ನ ಇದ್ದಂಗೇ ಹೇಳುತ್ತೆ’ ಎಂದೆ ನಾನು. ಯಾರೂ ನನ್ನನ್ನು ಕೇಳಿರಲಿಲ್ಲ.

ಹೊರಡುವ ಹೊತ್ತಿಗೆ ಅಕ್ಕ, ತಲೆ ತಗ್ಗಿಸಿಕೊಂಡೇ, ಆ ಮಾವಿನಕಾಯಿಯ ಮಾತನ್ನು ಇನ್ನೊಂದು ಸಲ ಕೇಳಬಹುದಾ ಎಂದಳು. ಆ ತಾಯಿಯ ಮುಖ ಅರಳಿತು. ಕೇಳಿಸಿದರು. ಮನೆಗೆ ಬಂದ ಮೇಲೆ ಅಕ್ಕ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಾ ‘ಬಂದಿರ್ಬೇಕು, ಅಲ್ವಾ’ ಎಂದು ಆ ದನಿಯ ಇಳಿತವನ್ನೇ ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದಳು. ನಾನು ಹಿಂದಿನಿಂದ ಹೋಗಿ ‘ಬಂದಿದೆ ಬಂದಿದೆ, ಉಪ್ಪಿನಕಾಯಿ ಹಾಕೋಣ’ ಎಂದೆ. ಒದ್ದೆ ಟವಲಿನಲ್ಲಿ ಬಡಿದಳು.

ಅಲ್ಲಿಂದ ಮಾತು ಬೆಳೆಯಿತು. ಹುಡುಗನಿಗೆ ಅಕ್ಕನ ಫೋಟೋ ಹೋಯಿತು, ಒಪ್ಪಿಗೆಯಾಯಿತು. ಹುಡುಗಿ ಹಾಡುತ್ತಾಳಂತೆ, ಒಮ್ಮೆ ಕೇಳುವ ಆಸೆ ಎಂದು ಅವರು ಬರೆದರು. ಮುಂದಿನ ಬೇಸಿಗೆಗೆ ಊರಿಗೆ ಬರುವ ಅಂದಾಜಿತ್ತು. ಅಷ್ಟರವರೆಗೆ ಕಾಯುವುದೋ, ಅಥವಾ ಯಂತ್ರ ಹೇಗೂ ಮನೆಯಲ್ಲೇ ಇದೆ, ಹಾಡಿಸಿ ಟೇಪನ್ನು ಕಳಿಸುವುದೋ ಎಂದು ಹುಡುಗನ ಅಣ್ಣ ನಮ್ಮ ಮನೆಗೇ ಬಂದು ಕೇಳಿದರು.

ಅಕ್ಕ ಅಡುಗೆಮನೆಯಲ್ಲಿ ನನಗೆ ಮೆಲ್ಲಗೆ ಹೇಳಿದಳು: ‘ಬೇಡ ಕಣೇ. ಬೇಸಿಗೆಗೆ ಬರ್ತಾರಲ್ಲ, ಎದುರಿಗೇ ಕೂತ್ಕೊಂಡು ಹಾಡ್ತೀನಿ. ಆ ಡಬ್ಬಕ್ಕೆ ಹಾಡೋಕೆ ನಂಗೆ ಒಂಥರಾ.’

ಇಷ್ಟು ಸಣ್ಣ ಮಾತು. ಅವಳ ಇಷ್ಟ ಏನೆಂದು ನನಗೆ ಗೊತ್ತಾಯಿತು. ಆದರೂ ನಾನು ನಡುಮನೆಗೆ ಹೋಗಿ ಅದರ ವಿರುದ್ಧ ವಾದಿಸಿದೆ.

‘ಎದುರಿಗೇ ಅಂದ್ರೆ ಏನು? ಚಾಪೆ ಹಾಸಿ ಕೂರಿಸೋದು. ಹತ್ತು ಜನ ಉಪ್ಪಿಟ್ಟು ತಿಂತಾ ಮೇಲಿಂದ ಕೆಳಗೆ ನೋಡೋದು. ಏನಾದ್ರೂ ಹಾಡಮ್ಮ ಅನ್ನೋದು. ಕುಂಟಿ ಅಲ್ಲ ಅಂತ ನೋಡೋಕೆ ನಡೆಸೋದು, ಮೂಗಿ ಅಲ್ಲ ಅಂತ ನೋಡೋಕೆ ಹಾಡಿಸೋದು. ಸಂತೇಲಿ ದನದ ಹಲ್ಲು ನೋಡೋದಕ್ಕೂ ಇದಕ್ಕೂ ಏನು ವ್ಯತ್ಯಾಸ? ಈ ಯಂತ್ರ ಯಾರ ಮುಖಾನೂ ನೋಡಲ್ಲ. ಇರೋ ದನಿ ತಗೊಂಡು ಹೋಗಿ ಇರೋ ಹಾಗೇ ಒಪ್ಪಿಸುತ್ತೆ. ಇದಕ್ಕಿಂತ ಮರ್ಯಾದೆಯ ದಾರಿ ಇದೆಯಾ?’

‘ಭೇಷ್!’ ಎಂದರು ಅಣ್ಣ. ಅಪ್ಪ ಹೆಮ್ಮೆಯಿಂದ ಅವ್ವನ ಮುಖ ನೋಡಿದರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕ ‘ಆಯ್ತು’ ಎಂದಳು.

ಹೇಳಿದ್ದೆಲ್ಲ ನಿಜವೇ. ಈಗಲೂ ಆ ಚಾಪೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಅಂದು ನಾನು ಅಕ್ಕನಿಗಾಗಿ ಅಷ್ಟು ಬೆವರಿದೆನೇ? ಅವಳ ನಂತರ ಆ ಚಾಪೆಯ ಸರದಿ ನನ್ನದು. ಒಮ್ಮೆ ನಮ್ಮ ಮನೆಯಲ್ಲಿ ಹೀಗೂ ನಡೆಯುತ್ತದೆ ಎಂದಾಗಿಬಿಟ್ಟರೆ ನನ್ನ ಕಾಲಕ್ಕೆ ಅದೇ ಆಧಾರ. ಅಕ್ಕನ ಹೆಸರಿನಲ್ಲಿ ನಾನು ನನ್ನ ವಕಾಲತ್ತು ನಡೆಸಿದ್ದೆ. ಕಕ್ಷಿದಾರಳ ಇಷ್ಟ ಕೇಳದ ವಕೀಲಿಕೆ.

ಒಂದು ಭಾನುವಾರ ಬೆಳಿಗ್ಗೆ ಅಣ್ಣ ಯಂತ್ರವನ್ನೂ ಪೆಟ್ಟಿಗೆಯನ್ನೂ ನಮ್ಮ ಮನೆಗೆ ತಂದರು. ಅವರಿಗೆ ಅದನ್ನು ಮುಟ್ಟಲು ಭಯ. ಅಪ್ಪನಿಗೆ ನೋಡಲೂ ಭಯ. ‘ಸುಟ್ಟೋಗ್ಬುಟ್ರೆ ಅವರ್ಗೆ ಏನ್ ಹೇಳೋದು?’ ಎಂದು ಬಾಗಿಲ ಹತ್ತಿರವೇ ನಿಂತರು. ನಾನು ಮುಂದಾದೆ. ಯಂತ್ರವನ್ನು ಮಗ್ಗುಲಿಗೆ ಮಲಗಿಸಿ, ತಳದಲ್ಲಿ ಬಡಿದಿದ್ದ ತಗಡನ್ನು ಎಲ್ಲರಿಗೂ ಕೇಳುವಂತೆ ಓದಿದೆ: ‘ನೂರ ಹದಿನೇಳು ವೋಲ್ಟ್!’ ವೋಲ್ಟೇಜ್ ಎಂದರೆ ನಲ್ಲಿಯಲ್ಲಿ ನೀರಿನ ರಭಸ ಇದ್ದ ಹಾಗೆ, ನಮ್ಮಲ್ಲಿ ರಭಸ ಜಾಸ್ತಿ, ಈ ಪೆಟ್ಟಿಗೆ ಅದನ್ನು ತಡೆದು ಅರ್ಧ ಮಾಡುತ್ತದೆ ಎಂದು ಒಂದು ಸಣ್ಣ ಭಾಷಣ ಮಾಡಿದೆ. ಆ ಭಾಷಣ ತಪ್ಪಾಗಿಯೂ ಇರಲಿಲ್ಲ.

ಅಕ್ಕ ಬಗ್ಗಿ ನೋಡುತ್ತಿದ್ದಳು. ‘ಪಕ್ಕದಲ್ಲಿ ಇನ್ನೇನೋ ಇದೆಯಲ್ಲೇ. ಅರವತ್ತು ಅಂತ?’

ನಾನೂ ನೋಡಿದೆ. ಅರವತ್ತು ಸೈಕಲ್ ಎಂದಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ನನಗೆ ಅಭ್ಯಾಸವಿರಲಿಲ್ಲ.

‘ಅದು ಕಂಪನಿಯವರ ಏನೋ ನಂಬರು ಕಣೇ. ನೀನು ಹೋಗಿ ಶ್ರುತಿ ಕೂಡಿಸ್ಕೋ’ ಎಂದೆ.

ಅವಳು ಶ್ರುತಿಪೆಟ್ಟಿಗೆಯ ತಿದಿ ಒತ್ತುತ್ತಾ ಕುಳಿತಳು. ಒಂದು ವಚನ, ಒಂದು ಕೀರ್ತನೆ. ವಚನದ ಮಧ್ಯದಲ್ಲಿ ಬೀದಿಯಲ್ಲಿ ನಮ್ಮ ಕುದುರೆ ಹೋಯಿತು. ಟಕ್... ಟಕ್... ಜೊತೆಗೆ ಕೊರಳಗೆಜ್ಜೆ. ಮನೆ ದಾಟುವಷ್ಟರಲ್ಲಿ ಒಂದು ಚರಣವೇ ಮುಗಿಯಿತು. ನಾನು ನಿಲ್ಲಿಸಿ ಮತ್ತೆ ಶುರು ಮಾಡೋಣ ಎಂದು ಕೈ ಎತ್ತಿದೆ. ಅಣ್ಣ ಬೇಡ ಎಂದು ಸನ್ನೆ ಮಾಡಿದರು. ಮುಗಿದ ಮೇಲೆ ‘ಇರ್ಲಿ ಬಿಡಮ್ಮ, ಮೈಸೂರಿಂದ ಬಂದಿದ್ದು ಅಂತ ಅವನಿಗೂ ಗೊತ್ತಾಗ್ಲಿ’ ಎಂದು ನಕ್ಕರು.

ಹಾಡಿದ್ದನ್ನು ತಿರುಗಿಸಿ ಕೇಳಿದೆವು. ಅಕ್ಕನ ದನಿಯೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವ್ವ ಯಂತ್ರಕ್ಕೇ ದೃಷ್ಟಿ ತೆಗೆದಳು. ನಾನು ಎಲ್ಲರ ಮುಖ ನೋಡಿದೆ, ತೀರ್ಪು ಬಂದಾಯಿತು ಎನ್ನುವಂತೆ. ಸಾಕ್ಷಿ ಹೇಳಿದ್ದು ಅದೇ ಯಂತ್ರ, ಆ ಸಾಕ್ಷಿ ಸರಿಯೆಂದು ಪ್ರಮಾಣಪತ್ರ ಕೊಟ್ಟಿದ್ದೂ ಅದೇ ಯಂತ್ರ. ತರಗತಿಯಲ್ಲಿ ಯಾರಾದರೂ ಇಂಥ ತರ್ಕ ಮುಂದಿಟ್ಟಿದ್ದರೆ ಅವರನ್ನು ಮಧ್ಯಾಹ್ನದ ಊಟದವರೆಗೂ ಬಿಡುತ್ತಿರಲಿಲ್ಲ ನಾನು.

ಟೇಪು ಹೋಯಿತು. ಮಳೆಗಾಲ ಬಂದ ಮೇಲೆ ಒಂದು ಸಂಜೆ ಅಣ್ಣ ಛತ್ರಿ ಮಡಿಸುತ್ತಾ ಬಂದರು. ಕಾಫಿ ಬೇಡ ಎಂದರು. ಆಗಲೇ ಅವ್ವನಿಗೆ ಗೊತ್ತಾಗಿರಬೇಕು.

‘ಅವನು ಏನೋ ಬರ್ದಿದ್ದಾನೆ. ತಪ್ಪು ತಿಳ್ಕೋಬೇಡಿ’ ಎಂದು ಶುರು ಮಾಡಿದರು. ‘ಹುಡುಗಿ ದನಿ ತೀರಾ ಎಳಸು, ಚಿಕ್ಕ ಮಗು ಥರ ಇದೆಯಂತೆ. ಹಾಡೂ ಏನೋ ಅಟ್ಟಿಸ್ಕೊಂಡು ಬಂದ ಹಾಗೆ ಓಡುತ್ತಂತೆ. ಫೋಟೋದಲ್ಲಿ ಇರೋ ಹುಡುಗೀನೇ ಹಾಡಿದ್ದಾ, ವಯಸ್ಸು ಸರಿಯಾಗಿ ಹೇಳಿದ್ದಾರಾ ಅಂತ...’

ಅಪ್ಪ ಎದ್ದು ನಿಂತರು. ‘ನಾವು ಅಂಗಡೀಲಿ ಅಕ್ಕಿಗೆ ಕಲ್ಲು ಬೆರೆಸಿದವರಲ್ಲ ಸ್ವಾಮಿ. ಮಗಳ ವಿಷಯದಲ್ಲಿ ಬೆರೆಸ್ತೀವಾ?’

‘ಅಯ್ಯೋ, ನಾನಂದಿದ್ದಲ್ಲ ಸಾರ್’ ಎಂದು ಅಣ್ಣ ಕೈಮುಗಿದರು. ಬಿಗುವು ಸಡಿಲಿಸಲೆಂದು ಒಂದು ನಗೆಮಾತೂ ಸೇರಿಸಿದರು: ‘ಕುದುರೆ ಬಗ್ಗೇನೂ ಬರ್ದಿದ್ದಾನೆ. ಮೈಸೂರಿನ ಜಟಕಾ ಕುದುರೆಗಳು ಯಾವಾಗಿಂದ ರೇಸಿಗೆ ಹೋಗೋಕೆ ಶುರು ಮಾಡಿದ್ವು, ಏನು ಓಟ ಅಂತ!’

ಆ ಬಿಗಿಯಲ್ಲೂ ಎಲ್ಲರಿಗೂ ನಗು ಬಂತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ‘ನಮ್ಮ ಕುದುರೇನಾ! ಓಡಿತಾ!’ ಎಂದೆ.

ಅಲ್ಲಿಗೆ ನಿಲ್ಲಿಸಿದೆ. ಓಡದ ಕುದುರೆ ಅಲ್ಲಿ ಓಡಿತೆಂದರೆ, ಓಡದ ಹಾಡೂ ಅಲ್ಲಿ ಓಡಿರಬೇಕು. ಎರಡೇ ವಾಕ್ಯ. ಮೂರನೆಯದು ತಾನಾಗಿ ಬೀಳುತ್ತದೆ. ತರ್ಕದ ಮೊದಲ ಪಾಠದಲ್ಲಿ ಕಲಿಸುವುದೇ ಇದು. ಆ ಪರೀಕ್ಷೆಯಲ್ಲಿ ನಾನು ತರಗತಿಗೇ ಮೊದಲಿಗಳಾಗಿದ್ದೆ.

ಆ ಸಂಬಂಧ ಅಲ್ಲಿಗೇ ನಿಂತಿತು. ಅಣ್ಣ ಹೋದ ಮೇಲೆ ಅಕ್ಕ ನನ್ನ ಪಕ್ಕ ಬಂದು ಕುಳಿತಳು. ಅಳುತ್ತಿರಲಿಲ್ಲ. ‘ನಿಜವಾಗ್ಲೂ ಓಡ್ತೀನಾ ನಾನು?’ ಎಂದು ಕೇಳಿದಳು. ಅವ್ವನನ್ನು ಕೇಳಲಿಲ್ಲ, ಟೀಚರಮ್ಮನನ್ನು ಕೇಳಲಿಲ್ಲ. ನ್ಯಾಯವಾಗಿ ಮಾತಾಡುವವಳೆಂದು ನನ್ನನ್ನು ಕೇಳಿದಳು.

‘ಯಂತ್ರಕ್ಕೆ ಸುಳ್ಳು ಹೇಳಿ ಏನಾಗ್ಬೇಕು? ಅವತ್ತು ಗಾಬರಿಗೆ ಸ್ವಲ್ಪ ಓಡಿಸಿರ್ತೀಯ. ನಾವು ದಿನಾ ಕೇಳೋರು, ನಮಗೆ ಗೊತ್ತಾಗಿಲ್ಲ’ ಎಂದೆ.

ಟೀಚರಮ್ಮ ಸುದ್ದಿ ತಿಳಿದು ಅವರಾಗಿಯೇ ಬಂದರು. ಕೋಪದಿಂದ ಅವರ ಮೂಗುತಿ ಕೂಡ ನಡುಗುತ್ತಿತ್ತು. ‘ಯಾರು ಹೇಳಿದ್ದು ಇವಳು ಓಡ್ತಾಳೆ ಅಂತ? ಇಷ್ಟು ವರ್ಷ ತೊಡೆ ತಟ್ಟಿ ತಾಳ ಹಾಕಿದ್ದೀನಿ, ಒಂದು ದಿನಾನೂ ಇವಳ ಲಯ ಜಾರಿಲ್ಲ. ಎಳಸು ದನಿಯಂತೆ! ಆ ಹುಡುಗನ ಕಿವೀಲಿ ಏನೋ ಕೂತಿದೆ.’

‘ಟೀಚರಮ್ಮ, ನೀವು ಅವಳ ಗುರುಗಳು. ನಿಮ್ಮ ಶಿಷ್ಯೆ ಚೆನ್ನಾಗಿ ಹಾಡ್ತಾಳೆ ಅಂತ ನೀವೇ ಸಾಕ್ಷಿ ಹೇಳಿದ್ರೆ ಯಾರು ಒಪ್ತಾರೆ?’

ಅವರು ನನ್ನನ್ನೇ ನೋಡಿದರು. ‘ನಿನ್ನ ಹತ್ರ ಮಾತಾಡಿ ಗೆಲ್ಲೋಕಾಗಲ್ಲಮ್ಮ’ ಎಂದು ಸೆರಗು ಹೊದ್ದು ಹೊರಟುಬಿಟ್ಟರು. ಗೆದ್ದೆ ಎಂದುಕೊಂಡೆ.

ಅಕ್ಕ ತಿದ್ದಿಕೊಳ್ಳಲು ಶುರು ಮಾಡಿದಳು. ಓಡುತ್ತದೆ ಎಂದರಲ್ಲ, ನಿಧಾನಕ್ಕೆ ಹಾಡಿದಳು. ಎಳಸು ಎಂದರಲ್ಲ, ಶ್ರುತಿ ತಗ್ಗಿಸಿದಳು. ತಗ್ಗಿಸಿದ ಶ್ರುತಿಯಲ್ಲಿ ಅವಳ ದನಿ ನೆಲ ಮುಟ್ಟದೆ ತಡಕಾಡುತ್ತಿತ್ತು. ಅದಕ್ಕೆ ಗಂಟಲು ಬಿಗಿದು ಒತ್ತಿದಳು. ದಿನಾ ಬೆಳಿಗ್ಗೆ, ಬಾಗಿಲು ಹಾಕಿಕೊಂಡು. ಇಲ್ಲದ ರೋಗಕ್ಕೆ ಮದ್ದು. ಟೀಚರಮ್ಮನ ಮನೆಗೆ ಹೋಗುವುದು ತಾನಾಗಿಯೇ ನಿಂತಿತು. ವರ್ಷ ತುಂಬುವಷ್ಟರಲ್ಲಿ ಮೇಲಿನ ಸ್ವರಗಳು ಒಡೆಯತೊಡಗಿದವು. ‘ಯಾಕವ್ವ, ಮಠದ ಐನೋರ್ ಮಂತ್ರ ಹೇಳ್ದಂಗೆ ಹಾಡ್ತೀಯ?’ ಎಂದು ಅವ್ವ ಒಂದು ದಿನ ಕೇಳಿಯೇಬಿಟ್ಟಳು. ಮಾರನೆಯ ದಿನ ಶ್ರುತಿಪೆಟ್ಟಿಗೆ ಅಟ್ಟ ಸೇರಿತು.

ಮುಂದೆ ಬಂದ ಸಂಬಂಧ ತಿಪಟೂರಿನ ಕಡೆಯದು. ಚಾಪೆ ಹಾಸಿದರು. ಹತ್ತು ಜನ ಬಂದರು. ನನ್ನ ಭಾಷಣದಿಂದ ಒಂದು ಚಾಪೆಯೂ ಮಡಚಿಕೊಂಡಿರಲಿಲ್ಲ. ಹುಡುಗನ ಚಿಕ್ಕಮ್ಮ ‘ಏನಾದ್ರೂ ಒಂದ್ ದೇವರನಾಮ ಹೇಳವ್ವ’ ಎಂದರು. ನಾನು ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

‘ನಂಗೆ ಹಾಡು ಬರಲ್ಲ’ ಎಂದಳು ಅಕ್ಕ.

ಅವ್ವ ಬೆಚ್ಚಿ ಅಪ್ಪನನ್ನು ನೋಡಿದಳು. ಅಪ್ಪ ನನ್ನನ್ನು ನೋಡಿದರು. ಎಲ್ಲದಕ್ಕೂ ಬಾಯಿ ಹಾಕುವ ನಾನು ಲೋಟಗಳನ್ನು ಎಣಿಸುವವಳಂತೆ ತಲೆ ತಗ್ಗಿಸಿದೆ. ‘ಬರದಿದ್ರೆ ಏನಂತೆ, ಅಡುಗೆ ಬರುತ್ತಲ್ಲ’ ಎಂದು ಆ ಚಿಕ್ಕಮ್ಮ ನಕ್ಕರು. ಒಳ್ಳೆಯ ಜನ. ಭಾವ ಒಳ್ಳೆಯವರು. ಆ ಮನೆಯಲ್ಲಿ ಯಾರಿಗೂ ಇವತ್ತಿಗೂ ಅಕ್ಕ ಹಾಡುತ್ತಿದ್ದಳೆಂದು ಗೊತ್ತಿಲ್ಲ.

ಹೋದ ಚಳಿಗಾಲದಲ್ಲಿ ಅಕ್ಕ ಬಾಣಂತನಕ್ಕೆ ಮನೆಗೆ ಬಂದಿದ್ದಳು. ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಊರಲ್ಲಿ ಕರೆಯುವ ಕೆಲಸ ನನ್ನದಾಯಿತು. ಮಾತುಕತೆ ಮುರಿದರೂ ಮಠದ ಸ್ನೇಹ ಮುರಿದಿರಲಿಲ್ಲ. ‘ಚಾಮರಾಜಪುರಂಗೂ ಹೋಗ್ ಬಾ, ಕರೀದಿದ್ರೆ ಚೆನ್ನಾಗಿರಲ್ಲ’ ಎಂದಳು ಅವ್ವ. ಹೋದೆ.

ಬಾಗಿಲು ತೆಗೆದವರು ನನಗೆ ಗೊತ್ತಿಲ್ಲದ ಒಬ್ಬ ಎತ್ತರದ ಮನುಷ್ಯ. ‘ಬನ್ನಿ ಬನ್ನಿ, ಅವ್ವ ಪೂಜೇಲಿದಾರೆ, ಈಗ ಬಂದ್ಬಿಡ್ತಾರೆ, ಕೂತ್ಕೊಳ್ಳಿ, ಅಣ್ಣಾ, ಯಾರೋ ಬಂದಿದಾರೆ ನೋಡು!’ ಎಂದರು, ಒಂದೇ ಉಸಿರಿನಲ್ಲಿ. ತೆಳ್ಳನೆಯ ದನಿ, ಸ್ವಲ್ಪ ಮೂಗಿನಿಂದ ಬರುವಂಥದ್ದು. ಮಾತಿನ ಮೇಲೆ ಮಾತು ಎಡವಿ ಬೀಳುತ್ತಿತ್ತು. ಒಳ್ಳೆಯ, ಸ್ನೇಹದ ದನಿಯೇ. ಯಾರೋ ನೆಂಟರ ಹುಡುಗನಿರಬೇಕು ಎಂದುಕೊಂಡೆ.

ಅಣ್ಣ ಬಂದು ‘ಇವನೇ ನಮ್ಮ ತಮ್ಮ. ಬಂದು ಹದಿನೈದು ದಿನ ಆಯ್ತು. ಮುಂದಿನ ತಿಂಗಳು ಮದುವೆ, ಹೆಣ್ಣು ಶಿವಮೊಗ್ಗದ ಕಡೆ’ ಎಂದರು.

ನಾನು ಆ ಮುಖವನ್ನೂ ಆ ದನಿಯನ್ನೂ ಹೊಂದಿಸಲು ಹೊರಟು ಸೋತೆ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: ‘ಟೇಪಿನಲ್ಲಿ ನಿಮ್ಮ ದನಿ ಹೀಗಿರ್ಲಿಲ್ಲವಲ್ಲ?’

ಅವರು ಕೈತಟ್ಟಿ ನಕ್ಕರು. ‘ಅಯ್ಯೋ, ಅದನ್ನ ಕೇಳಿದ್ರಾ ನೀವೂ! ಮೊನ್ನೆ ಅವ್ವ ಹಾಕಿ ತೋರ್ಸಿದ್ರು, ನಂಗೇ ಭಯ ಆಯ್ತು, ಯಾರೋ ಮುದುಕ ಮಾತಾಡಿದ ಹಾಗೆ! ಅದೇನಂದ್ರೆ, ಇಲ್ಲಿ ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಆಗುತ್ತೆ, ಐವತ್ತು ಸೈಕಲ್ ಅಂತಾರೆ, ಅಲ್ಲಿ ಅರವತ್ತು. ಆ ಮೋಟಾರು ಸೈಕಲ್ ಲೆಕ್ಕದ ಮೇಲೆ ತಿರುಗೋದು. ಪೆಟ್ಟಿಗೆ ವೋಲ್ಟೇಜ್ ಇಳಿಸುತ್ತೆ ಅಷ್ಟೇ, ಸೈಕಲ್ ಬದಲಾಯಿಸಲ್ಲ. ಅದಕ್ಕೇ ಅಲ್ಲಿನ ಟೇಪು ಇಲ್ಲಿ ನಿಧಾನ, ದನಿ ದಪ್ಪ. ನಂಗೂ ಹೋದ ವರ್ಷ ಯಾರೋ ಹೇಳಿದ್ಮೇಲೇ ಗೊತ್ತಾಗಿದ್ದು!’

ಗೋಡೆಯ ಪಕ್ಕದ ಮೇಜಿನ ಮೇಲೆ ಯಂತ್ರ ಇತ್ತು. ಕಸೂತಿ ಹಾಕಿದ ಬಟ್ಟೆ ಮುಚ್ಚಿದ್ದರು. ತಳದ ತಗಡು ನನಗೆ ಬಾಯಿಪಾಠ.

‘ಹಾಗಾದರೆ, ಇಲ್ಲಿ ಹಾಡಿದ್ದನ್ನ ಅಲ್ಲಿ ಹಾಕಿದ್ರೆ?’ ಎಂದೆ.

‘ಅದು ಉಲ್ಟಾ. ಬೇಗ ಓಡುತ್ತೆ, ದನಿ ಸಣ್ಣ...’ ಎಂದವರು ಅಲ್ಲಿಗೇ ನಿಂತರು. ಅವರ ಕಣ್ಣು ನನ್ನ ಕೈಯ ಕುಂಕುಮದ ಭರಣಿಯ ಮೇಲೆ, ಅಲ್ಲಿಂದ ಅಣ್ಣನ ಮೇಲೆ ಹೋಯಿತು.

‘ನಮ್ಮ ಬೀದಿ ಕುದುರೆ ಯಾವತ್ತೂ ಓಡಿಲ್ಲ’ ಎಂದೆ ನಾನು. ಅಣ್ಣ ತಲೆ ತಗ್ಗಿಸಿದರು. ಅವರನ್ನು ತಪ್ಪಿತಸ್ಥರ ಕಟಕಟೆಗೆ ಹತ್ತಿಸಿಬಿಡುವುದು ಆಗ ಎಷ್ಟು ಸುಲಭವಿತ್ತು! ಆದರೆ ತಗಡನ್ನು ಓದಿದವಳು ನಾನು. ಕುಂಕುಮ ಕೊಟ್ಟು, ತೊಟ್ಟಿಲಿಗೆ ಬನ್ನಿ ಎಂದು ಹೇಳಿ ಹೊರಟೆ.

ದಾರಿಯುದ್ದಕ್ಕೂ ನನ್ನೊಳಗೆ ಎರಡು ಪಕ್ಷ. ಹೇಳಬೇಕು: ಅವಳ ಮೇಲಿನ ಆರೋಪ ಸುಳ್ಳೆಂದು ತಿಳಿಯುವುದು ಅವಳ ಹಕ್ಕು. ಹೇಳಬಾರದು: ಈಗ ತಿಳಿದು ಯಾರಿಗೇನು ಲಾಭ? ಮೊದಲನೆಯ ಪಕ್ಷ ಗೆದ್ದಿತು. ನಾನು ಬಯಸಿದ ಪಕ್ಷವೇ ನನ್ನಲ್ಲಿ ಗೆಲ್ಲುತ್ತದೆ. ಅಕ್ಕನ ಹಕ್ಕಿಗಿಂತ ನನ್ನ ಎದೆಯ ಭಾರ ಇಳಿಸುವ ಆತುರವೇ ಅದರಲ್ಲಿ ಹೆಚ್ಚಿತ್ತೋ ಏನೋ.

ಬಾಣಂತಿ ಕೋಣೆಯಲ್ಲಿ ಅಕ್ಕ ತಲೆಗೆ ಬಟ್ಟೆ ಬಿಗಿದು, ಕಾಲು ನೀಡಿ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಪಕ್ಕದಲ್ಲಿ ಸಾಂಬ್ರಾಣಿಯ ಕೆಂಡ. ನಾನು ನಿಂತೇ ಎಲ್ಲ ಹೇಳಿದೆ. ಐವತ್ತು, ಅರವತ್ತು, ಮೋಟಾರು, ಕುದುರೆ.

ಅವಳು ಮಗುವಿನ ಕಿವಿಯ ಹಿಂದೆ ಎಣ್ಣೆ ಒರೆಸುತ್ತಿದ್ದಳು. ‘ಹಂಗಾದ್ರೆ ನಾನು ಓಡ್ಲಿಲ್ಲ.’

‘ಇಲ್ಲ.’

‘ಟೀಚರಮ್ಮ ಹೇಳಿದ್ದು ಸರಿ.’

‘ಸರಿ.’

‘ಅರವತ್ತು ಅಂತ ಇದೆ ಅಂತ ನಾನು ಕೇಳ್ದೆ. ಕಂಪನಿ ನಂಬರು ಅಂದೆ ನೀನು.’ ಬೈಗುಳದ ದನಿಯಲ್ಲ. ಜ್ಞಾಪಕ ಮಾಡಿಕೊಂಡಳು ಅಷ್ಟೇ. ಬೈದಿದ್ದರೆ ನಾನು ಏನಾದರೂ ಉತ್ತರ ಹೇಳುತ್ತಿದ್ದೆ.

ಮಗುವಿನ ಇನ್ನೊಂದು ಕಿವಿಯ ಹಿಂದೆ ಎಣ್ಣೆ ಒರೆಸುತ್ತಾ ಕೇಳಿದಳು: ‘ಅವರ ದನಿ ಹೆಂಗಿತ್ತು?’

‘ತೆಳು. ಬೇಗ ಬೇಗ ಮಾತಾಡ್ತಾರೆ.’

‘ಆ ಮಾವಿನಕಾಯಿ ಅಂದಿದ್ದು?’

‘ಅದೂ ಹಾಗೇ ಅಂದಿರ್ತಾರೆ ಅಕ್ಕ. ನಾವು ಕೇಳಿದ್ದು ಮೋಟಾರಿನದು.’

ಅವಳ ಕೈ ನಿಂತಿತು. ಕಿಟಕಿಯ ಕಡೆ ತಿರುಗಿದಳು. ಕಿಟಕಿಗೆ ಗಾಳಿ ಬಾರದಂತೆ ಕಂಬಳಿ ಕಟ್ಟಿದ್ದರು. ನೋಡಲು ಅಲ್ಲೇನೂ ಇರಲಿಲ್ಲ.

‘ಅದೊಂದನ್ನ ಹೇಳ್ದೆ ಇದ್ದಿದ್ರೆ ಆಗ್ತಿತ್ತು ಕಣೇ’ ಎಂದಳು.

ಅಲ್ಲಿಯವರೆಗೆ ನಾನು ಅವಳಿಂದ ಕಿತ್ತುಕೊಂಡದ್ದು ಅವಳ ದನಿಯೊಂದೇ ಎಂದುಕೊಂಡಿದ್ದೆ. ಇಷ್ಟು ವರ್ಷ, ಮದುವೆ, ಸಂಸಾರ, ಹೆರಿಗೆ ಎಲ್ಲದರ ಅಡಿಯಲ್ಲಿ ಎಲ್ಲೋ ಅವಳು ಇಟ್ಟುಕೊಂಡಿದ್ದ ಇನ್ನೊಂದು ದನಿ ಇತ್ತು. ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಸತ್ಯ ಹೇಳುತ್ತೇನೆಂದು ಬಂದು ಅದನ್ನೂ ಸುಳ್ಳು ಮಾಡಿ ಕೊಟ್ಟಿದ್ದೆ.

‘ನಿನ್ನ ಟೇಪನ್ನ ಅವರು ಅಲ್ಲಿಂದ ವಾಪಸ್ ತಂದಿರ್ಬಹುದು’ ಎಂದೆ, ಏನಾದರೂ ಕೊಡಬೇಕೆನಿಸಿ. ‘ಆ ಯಂತ್ರದಲ್ಲಿ ಹಾಕಿದ್ರೆ ಸರಿಯಾಗೇ ಬರುತ್ತೆ. ತರ್ಲಾ? ಒಂದ್ಸಲ ಕೇಳು. ನೀನು ಹೆಂಗೆ ಹಾಡ್ತಿದ್ದೆ ಅಂತ...’

‘ಬೇಡ.’

‘ಅಕ್ಕ...’

‘ಬೇಡ ಅಂದೆ. ಇಲ್ನೋಡು, ಕೆಂಡ ಆರ್ತಾ ಇದೆ. ಊದು.’

ಮಗು ಮುಲುಗಿತು. ಅಕ್ಕ ಕಾಲು ಆಡಿಸುತ್ತಾ ಜೋಗುಳ ಶುರು ಮಾಡಿದಳು. ತಗ್ಗಿನಲ್ಲಿ, ಗಂಟಲು ಒತ್ತಿ, ತೀರಾ ನಿಧಾನವಾಗಿ. ನಿನ್ನ ಶ್ರುತಿಯಲ್ಲೇ ಹಾಡು, ಈಗೇನು ಭಯ ಎನ್ನಬೇಕೆಂದು ಬಾಯಿ ತೆರೆದವಳು, ಬಗ್ಗಿ ಕೆಂಡ ಊದಿದೆ. ಬೂದಿ ಹಾರಿ ಕಣ್ಣಿಗೆ ಬಿತ್ತು. ಊದುತ್ತಲೇ ಇದ್ದೆ.